ಬಾಳ್ಯಾ ಕೊಂದನಾ? ಒಂದು ಗೆಳೆತನದ ಮೇಲೆ ನೂರು ವರ್ಷ ಮೀರಿದ ಸಂಶಯ

ಇವತ್ತಿನ ಕಂತು ಒಂದು ಕೊಲೆಯ ಬಗ್ಗೆ. ಸತ್ತವನು ಒಬ್ಬ ಯುವಕ. ಕೊಡಲಿ ಎತ್ತಿದವರು ಯಾರು ಅಂತ ಎಲ್ಲರಿಗೂ ಗೊತ್ತು. ಆದರೂ ಜನ ಇವತ್ತಿಗೂ ಬೈಯೋದು ಅವನ ಗೆಳೆಯನನ್ನ. ಯಾಕೆ?

ಸತ್ತವನು ಸಂಗ್ಯಾ. ಗೆಳೆಯ ಬಾಳ್ಯಾ. ಊರು ಬೈಲಹೊಂಗಲ, ಬೆಳಗಾವಿ ಜಿಲ್ಲೆ.

ನಾನು ಸಮೀರವಾಡಿ ಕಡೆಯವನು. ಮುಧೋಳ, ಮಹಾಲಿಂಗಪುರ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ, ಈ ಪಟ್ಟಿಯೊಳಗ ‘ಸಂಗ್ಯಾ ಬಾಳ್ಯಾ’ ಅನ್ನೋದು ಎರಡು ಹೆಸರಲ್ಲ, ಒಂದೇ ಶಬ್ದ. ಇಬ್ಬರು ಹುಡುಗರು ಸದಾ ಜೋಡಿ ಓಡಾಡಿದರೆ ‘ಬಂದ್ರು ನೋಡ್ರೀ ಸಂಗ್ಯಾ ಬಾಳ್ಯಾ’ ಅಂತಾರೆ. ವಿಚಿತ್ರ ಏನಂದ್ರೆ, ಹಾಗೆ ಅನ್ನುವಾಗ ಯಾರಿಗೂ ಕಥೆಯ ಕೊನೆ ನೆನಪಾಗಲ್ಲ. ಕೊನೆಯಲ್ಲಿ ಆ ಇಬ್ಬರಲ್ಲಿ ಒಬ್ಬ ಇನ್ನೊಬ್ಬನನ್ನ ಕೊಲೆಗಾರರ ಕೈಗೆ ಒಪ್ಪಿಸ್ತಾನೆ.

ಮೊದಲು ಕಥೆ. ಸಂಗ್ಯಾ ಅಂದರೆ ಸಂಗಪ್ಪ, ಅನುಕೂಲಸ್ಥ ಮನೆಯ ಹುಡುಗ. ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾನ ಕಣ್ಣು ಗಂಗಿಯ ಮೇಲೆ ಬೀಳುತ್ತೆ. ಗಂಗಿ ವ್ಯಾಪಾರಿ ಈರ್ಯಾನ ಹೆಂಡತಿ. ಈರ್ಯಾ ವ್ಯಾಪಾರಕ್ಕೆಂದು ಪರ ಊರಿಗೆ ಹೋದಾಗ ಸಂಗ್ಯಾ ಅವಳ ಬೆನ್ನು ಬೀಳ್ತಾನೆ. ಬಾಳ್ಯಾ ನೆರವಾಗ್ತಾನೆ, ಒಬ್ಬ ಮುದುಕಿ ನಡುವೆ ನಿಂತು ಸಂಧಾನ ಮಾಡ್ತಾಳೆ. ಮೊದಲು ಒಲ್ಲೆ ಅಂದ ಗಂಗಿ ಕೊನೆಗೆ ಒಪ್ತಾಳೆ. ಸುದ್ದಿ ಈರ್ಯಾನಿಗೆ ಮುಟ್ಟುತ್ತೆ. ಅಣ್ಣತಮ್ಮಂದಿರು ಸೇರಿ ಸಂಗ್ಯಾನನ್ನ ಮುಗಿಸೋ ನಿರ್ಧಾರಕ್ಕೆ ಬರ್ತಾರೆ. ಆದರೆ ಸಂಗ್ಯಾ ಕೈಗೆ ಸಿಗಬೇಕಲ್ಲ? ಅದಕ್ಕೆ ಅವನು ನಂಬುವ ಒಬ್ಬನೇ ಮನುಷ್ಯ ಬೇಕು. ಅವನೇ ಬಾಳ್ಯಾ.

ಇದು ಸಣ್ಣಾಟದ ಕಥೆ. ಸಣ್ಣಾಟ ಅಂದರೆ ಉತ್ತರ ಕರ್ನಾಟಕದ ಬಯಲಾಟದಲ್ಲಿ ಒಂದು ಬಗೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಪುರಾಣದ ರಾಜರು ಇರ್ತಾರೆ. ಸಣ್ಣಾಟದಲ್ಲಿ ಧೋತರ ಉಟ್ಟ, ಸೀರೆ ಉಟ್ಟ ನಮ್ಮಂಥ ಜನ ಇರ್ತಾರೆ. ಹಿಂದೆ ಹಿಮ್ಮೇಳ, ಮುಂದೆ ಇಡೀ ರಾತ್ರಿ ನಿದ್ದೆಗೆಟ್ಟು ಕೂತ ಊರು. ಈ ಕಥೆಯನ್ನ ಸಣ್ಣಾಟವಾಗಿ ಕಟ್ಟಿದವರು ಪತ್ತಾರ ಮಾಸ್ತರ. ಮುಂದೆ ಚಂದ್ರಶೇಖರ ಕಂಬಾರರು ಇದನ್ನ ಆಧುನಿಕ ರಂಗಭೂಮಿಗೆ ತಂದರು. ಸಿನಿಮಾನೂ ಆಯ್ತು.

ಆದರೆ ಆಟಕ್ಕಿಂತ ಮೊದಲು ಇದು ಹಾಡಾಗಿತ್ತು. ಇಲ್ಲಿ ಬರ್ತಾನೆ ಒಬ್ಬ ಬ್ರಿಟಿಷ್ ಅಧಿಕಾರಿ, ಜಾನ್ ಫೇತ್‌ಫುಲ್ ಫ್ಲೀಟ್. ಶಾಸನ ಓದುವುದರಲ್ಲಿ ದೊಡ್ಡ ಹೆಸರು. ಕನ್ನಡ ನಾಡಿನ ರಾಜವಂಶಗಳ ಇತಿಹಾಸವನ್ನ 1882ರಲ್ಲೇ ಬರೆದವನು. ಮುಂಬಯಿ ಸರ್ಕಾರದ ಕೆಲಸದಲ್ಲಿ ನಮ್ಮ ಭಾಗ ಸುತ್ತುವಾಗ ಜನರ ಲಾವಣಿಗಳನ್ನೂ ಬರೆಸಿಕೊಂಡ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಅವನ್ನ ಅಚ್ಚು ಹಾಕಿಸಿದ. ಅವುಗಳಲ್ಲಿ ಒಂದಕ್ಕೆ ಅವನು ಕೊಟ್ಟ ಇಂಗ್ಲಿಷ್ ಶೀರ್ಷಿಕೆಯ ಅರ್ಥ, ‘ಸಂಗ್ಯಾನ ಅಪರಾಧ ಮತ್ತು ಸಾವು’.

ಶೀರ್ಷಿಕೆಯನ್ನ ಇನ್ನೊಮ್ಮೆ ಕೇಳಿ. ಅಪರಾಧ ಯಾರದು? ಸಂಗ್ಯಾನದು. ಸತ್ತವನೇ ಅಪರಾಧಿ. ಆಟಕ್ಕೆ ಬಂದಾಗ ಹೆಸರು ‘ಸಂಗ್ಯಾ ಬಾಳ್ಯಾ’ ಆಯ್ತು. ಗೆಳೆಯ ಶೀರ್ಷಿಕೆಯೊಳಗೇ ಬಂದು ಕೂತ. ಎರಡೂ ಕಡೆ ಕೊಡಲಿ ಹಿಡಿದವರ ಹೆಸರು ಮೇಲೆ ಬರಲೇ ಇಲ್ಲ. ನನ್ನನ್ನ ಈ ಕಥೆಯ ಹಿಂದೆ ಬೀಳುವಂತೆ ಮಾಡಿದ್ದೇ ಈ ವಿಷಯ.

ಬಾಳ್ಯಾ ಯಾಕೆ ಹಾಗೆ ಮಾಡಿರಬಹುದು? ಇಲ್ಲಿಂದ ನಾನು ಹೇಳೋದು ಊಹೆ, ಊಹೆ ಅಂತಲೇ ಕೇಳಿ.

ಮೊದಲನೇ ಊಹೆ, ದುಡ್ಡು. ಜನ ಒಪ್ಪೋದೂ ಇದನ್ನೇ. ಬಾಳ್ಯಾ ಆಸೆಗೆ ಬಿದ್ದ, ಗೆಳೆಯನನ್ನ ಮಾರಿದ. ಸಂಗ್ಯಾ ಉಳ್ಳವನು, ಬಾಳ್ಯಾ ಅವನ ನೆರಳಲ್ಲಿ ಬದುಕಿದವನು. ಒಬ್ಬನ ಜೇಬಿನ ಮೇಲೆ ನಿಂತ ಗೆಳೆತನ ಇನ್ನೊಂದು ದೊಡ್ಡ ಜೇಬಿನ ಮುಂದೆ ನಿಲ್ಲಲಿಲ್ಲ.

ಎರಡನೇ ಊಹೆ, ಹೆದರಿಕೆ. ಗಂಗಿಯ ವಿಷಯದಲ್ಲಿ ಬಾಳ್ಯಾನೂ ಪಾಲುದಾರ. ಈರ್ಯಾನ ಮನೆಯವರ ಸಿಟ್ಟು ಸಂಗ್ಯಾನ ಮೇಲೆ ಎಷ್ಟೋ ಅವನ ಮೇಲೂ ಅಷ್ಟೇ. ‘ಅವನನ್ನ ಕೊಡು, ಇಲ್ಲಾ ನೀನೂ ಹೋಗ್ತಿ’ ಅಂತ ಬಾಗಿಲಿಗೆ ಬಂದು ನಿಂತರೆ, ಬೆನ್ನಿಗೆ ಯಾರೂ ಇಲ್ಲದ ಹುಡುಗ ಏನು ಮಾಡಬಹುದಿತ್ತು?

ಮೂರನೇದನ್ನ ಯಾರೂ ಹೇಳಲ್ಲ. ಬಾಳ್ಯಾನಿಗೆ ಕೊಲೆಯ ಅಂದಾಜೇ ಇರಲಿಲ್ಲವೇನೋ. ಕರೆಸಿ ಬೈತಾರೆ, ನಾಲ್ಕು ಏಟು ಹಾಕ್ತಾರೆ, ಪಂಚಾಯ್ತಿ ಮಾಡ್ತಾರೆ, ಮುಗೀತದೆ ಅಂದುಕೊಂಡಿರಬಹುದು. ಕರೆದುಕೊಂಡು ಹೋಗೋದು ಬೇರೆ, ಕೊಲ್ಲೋದು ಬೇರೆ.

ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆ ಬೇರೆ, ಕುಮ್ಮಕ್ಕು ಬೇರೆ ಆಗಿತ್ತು. ಒಳಸಂಚು ಅನ್ನೋ ಪ್ರತ್ಯೇಕ ಅಪರಾಧ 1913ರಲ್ಲಿ ಅದಕ್ಕೆ ಸೇರಿತು. ಎಲ್ಲದರಲ್ಲೂ ಮುಖ್ಯ ಪ್ರಶ್ನೆ, ಅವನಿಗೆ ಏನು ಗೊತ್ತಿತ್ತು, ಅವನ ಉದ್ದೇಶ ಏನಿತ್ತು? 1872ರ ಸಾಕ್ಷ್ಯ ಕಾಯ್ದೆ ಇನ್ನೊಂದು ಮಾತು ಸೇರಿಸಿತು. ಅಪರಾಧದಲ್ಲಿ ಪಾಲುಗೊಂಡವನು ಹೇಳುವ ಮಾತನ್ನ ಬೇರೆ ಆಧಾರ ಇಲ್ಲದೆ ನಂಬುವಾಗ ಹುಷಾರಾಗಿರಿ ಅಂತ. ಇನ್ನು ಕ್ರೈಂ ಸುದ್ದಿಗಳಲ್ಲಿ ನೀವು ಕೇಳೋ ‘ಕೊನೆಯ ಬಾರಿ ಜತೆಗೆ ಕಾಣಿಸಿಕೊಂಡವನು’ ಅನ್ನೋ ತರ್ಕ. ಅದೊಂದೇ ಎಳೆ ಹಿಡಿದು ಶಿಕ್ಷೆ ಕೊಡಕ್ಕಾಗಲ್ಲ, ಸರಪಳಿಯ ಉಳಿದ ಕೊಂಡಿಗಳೂ ಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಆದರೆ ಊರಿನ ಕಟ್ಟೆಗೆ ಒಂದೇ ಕೊಂಡಿ ಸಾಕು. ಯಾವುದೇ ಊರಲ್ಲಿ ಒಬ್ಬ ಹುಡುಗ ಸತ್ತರೆ ಚಹಾದಂಗಡಿಯ ಮೊದಲ ಮಾತು ಏನು? ‘ನಿನ್ನೆ ರಾತ್ರಿ ಯಾರ ಜೋಡಿ ಹೋಗಿದ್ದ?’ ಪೊಲೀಸರು ಬರೋ ಮೊದಲೇ ಗೆಳೆಯನ ಫೋಟೊ ಸ್ಟೇಟಸ್ಸಿನಲ್ಲಿ ಬಂದಿರುತ್ತೆ, ಕೆಳಗೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಹಾಕಿದರೆ ತಾನು ಆರೋಪ ಮಾಡಿದಂಗಲ್ಲ, ಬರೀ ಕೇಳಿದಂಗೆ ಅಂತ ಹಾಕಿದವನ ನಂಬಿಕೆ. ನಾಳೆ ಆ ಹುಡುಗ ನಿರಪರಾಧಿ ಅಂತ ಗೊತ್ತಾದರೆ ಅಷ್ಟೇ ಜನ ಅದನ್ನ ಫಾರ್ವರ್ಡ್ ಮಾಡಲ್ಲ.

ಇದೇ ಬೈಲಹೊಂಗಲ ಸೀಮೆಯ ಇನ್ನೊಂದು ಸಾವು ನೋಡೋಣ. ಇದು ಪಕ್ಕಾ ದಾಖಲೆಯ ಇತಿಹಾಸ, ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಇದೂ ಇದೆ. ಸಂಗೊಳ್ಳಿ ರಾಯಣ್ಣ. 1824ರ ಕಿತ್ತೂರು ಯುದ್ಧ ಮುಗಿದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡ ಮೇಲೂ ರಾಯಣ್ಣ ಬಿಡಲಿಲ್ಲ. ದತ್ತುಪುತ್ರ ಶಿವಲಿಂಗಪ್ಪನನ್ನ ಗಾದಿಗೆ ಕೂಡಿಸಬೇಕು ಅಂತ ಹಠ ಹಿಡಿದು ಹೋರಾಡಿದ. 1830ರ ಆರಂಭದಲ್ಲಿ ಬೀಡಿಯ ಕಚೇರಿ ಸುಟ್ಟ. ಕಂಪನಿಯ ಸೈನ್ಯ ತಿಂಗಳುಗಟ್ಟಲೆ ಕಾಡಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ, ನಂಬಿಕೆದ್ರೋಹದಿಂದ. ಖೋದಾನಪುರ, ನೇಗಿನಹಾಳದ ಗೌಡರು ಬಲೆ ಹೆಣೆದರು. ಗೆಳೆಯನ ವೇಷದಲ್ಲಿ ಗುಂಪು ಸೇರಿದ ಲಕ್ಕಪ್ಪ, ರಾಯಣ್ಣ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಅವನ ಖಡ್ಗ ಎತ್ತಿಕೊಂಡ ಅಂತ ಜನ ಇವತ್ತಿಗೂ ಹೇಳ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನ ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತರ ಆಚೀಚೆ ವಯಸ್ಸು.

ಈಗ ಒಂದು ಪರೀಕ್ಷೆ. ರಾಯಣ್ಣನಿಗೆ ಮೋಸ ಮಾಡಿದವನು ಯಾರು ಅಂದ್ರೆ ನಮ್ಮ ಕಡೆ ಸಣ್ಣ ಹುಡುಗರೂ ಲಕ್ಕಪ್ಪ ಅಂತಾರೆ. ರಾಯಣ್ಣನ ಜೋಡಿ ಗಲ್ಲಿಗೇರಿದ ಗೆಳೆಯರು ಯಾರು ಅಂತ ಕೇಳಿ ನೋಡಿ. ಹಲವರು ಅವನೊಂದಿಗೇ ನೇಣು ಕಂಡರು. ಹೆಸರು ಹೇಳೋಕೆ ದೊಡ್ಡವರೂ ತಡವರಿಸ್ತಾರೆ. ಕೈಬಿಟ್ಟ ಒಬ್ಬನ ಹೆಸರು ನಮಗೆ ಬಾಯಿಪಾಠ. ಕೊನೇತನಕ ಕೈ ಹಿಡಿದವರ ಹೆಸರು ಮರೆತೇ ಹೋಗಿದೆ.

ಇನ್ನೊಂದು ವಿಷಯ. ದ್ರೋಹದ ಕಥೆ ಹೇಳುವಾಗ ಖಡ್ಗ ಕದ್ದವನು ಕಣ್ಣಮುಂದೆ ನಿಲ್ತಾನೆ. ಆದರೆ ಗಲ್ಲು ಹಾಕಿದ್ದು ಕಂಪನಿ. ಬಲೆ ಹೆಣೆದದ್ದು ಕಂಪನಿಯ ಜತೆ ಕೈಜೋಡಿಸಿದ ಗೌಡಿಕೆ. ಕಂಪನಿಗೆ ಮುಖ ಇಲ್ಲ, ಲಕ್ಕಪ್ಪನಿಗೆ ಮುಖ ಇದೆ. ಅದಕ್ಕೆ ಸಿಟ್ಟೆಲ್ಲ ಅವನ ಮೇಲೆ ಹೋಗುತ್ತೆ.

ಸಂಗ್ಯಾನ ಕಥೆಯಲ್ಲೂ ಆಗಿದ್ದು ಇದೇ. ಕೊಲ್ಲೋ ತೀರ್ಮಾನ ಮಾಡಿದ್ದು ಬಾಳ್ಯಾ ಅಲ್ಲ. ‘ಮನೆತನದ ಮರ್ಯಾದಿ’ ಅನ್ನೋ ಹೆಸರಲ್ಲಿ ಅಣ್ಣತಮ್ಮಂದಿರು ಮಾಡಿದ್ದು. ಆಟ ನೋಡಿದವರು ಈರ್ಯಾನಿಗೆ ‘ಪಾಪ’ ಅಂತಾರೆ, ಬಾಳ್ಯಾನಿಗೆ ‘ಥೂ’ ಅಂತಾರೆ. ಬಾಳ್ಯಾನ ತಪ್ಪು ದೊಡ್ಡದಾದಷ್ಟೂ ಕೊಡಲಿ ಹಗುರ ಆಗ್ತಾ ಹೋಗುತ್ತೆ. ಇವತ್ತೂ ಮರ್ಯಾದೆಯ ಹೆಸರಲ್ಲಿ ಹುಡುಗ ಹುಡುಗಿಯರ ಕೊಲೆ ಆಗ್ತಿವೆ. ಅಲ್ಲೂ ಚರ್ಚೆ ಸುತ್ತಿ ಬಳಸಿ ‘ಗೆಳೆಯರು ಯಾಕೆ ಸುಮ್ಮನಿದ್ದರು’, ‘ಯಾರು ಸುದ್ದಿ ಮುಟ್ಟಿಸಿದರು’ ಅನ್ನೋದಕ್ಕೆ ಬಂದು ನಿಲ್ಲುತ್ತೆ. ಕೊಂದವರು ಯಾವ ಹಕ್ಕಿನಿಂದ ಕೊಂದರು ಅನ್ನೋ ಪ್ರಶ್ನೆ ಹಿಂದೆ ಸರಿಯುತ್ತೆ.

ಬಾಳ್ಯಾ ನಿರಪರಾಧಿ ಅಂತ ನಾನು ಹೇಳ್ತಿಲ್ಲ. ಆಟದ ಪ್ರಕಾರ ಅವನು ಗೆಳೆಯನನ್ನ ಒಪ್ಪಿಸಿದ, ಅದು ಸಣ್ಣ ತಪ್ಪಲ್ಲ. ಆದರೆ ಅವನ ಪಾಲು ಎಷ್ಟೋ ಅಷ್ಟೇ ಅವನ ತಲೆಗೆ ಕಟ್ಟಬೇಕು. ಉಳಿದದ್ದು ಈರ್ಯಾನ ಮನೆಯ ಲೆಕ್ಕಕ್ಕೆ ಹೋಗಬೇಕು.

ಗೆಳೆಯನ ಮೇಲೆ ಸಂಶಯ ಬರೋದು ಸಹಜ. ನಮ್ಮ ದಾರಿ, ನಮ್ಮ ವೇಳೆ, ನಮ್ಮ ಗುಟ್ಟು ಎಲ್ಲ ಗೊತ್ತಿರೋದು ಅವನಿಗೇ, ಹಾಗಾಗಿ ಹಾನಿ ಮಾಡೋ ಶಕ್ತಿ ಇರೋದೂ ಅವನಿಗೇ. ಆದರೆ ಶಕ್ತಿ ಇದೆ ಅಂದಮಾತ್ರಕ್ಕೆ ಮಾಡಿದ ಅಂತಲ್ಲ. ಈ ಎರಡರ ನಡುವಿನ ಜಾಗದಲ್ಲೇ ತನಿಖೆ, ಸಾಕ್ಷಿ, ಕೋರ್ಟು ಇರೋದು. ಆ ಜಾಗವನ್ನ ಒಂದು ಫಾರ್ವರ್ಡ್ ಮೆಸೇಜಿನಿಂದ ದಾಟಬಾರದು.

ಮುಂದಿನ ಸಲ ನಿಮ್ಮೂರ ಜಾತ್ರೆಯಲ್ಲಿ ಸಂಗ್ಯಾ ಬಾಳ್ಯಾ ಆಡಿದರೆ ಕೊನೇತನಕ ಎದ್ದಿದ್ದು ನೋಡಿ. ಸಂಗ್ಯಾ ಬೀಳುವಾಗ ಎಲ್ಲರ ಕಣ್ಣು ಬಾಳ್ಯಾನ ಮೇಲಿರುತ್ತೆ. ನೀವು ಒಂದು ಸಲ ಕೊಡಲಿ ಯಾರ ಕೈಯಲ್ಲಿದೆ ಅಂತ ನೋಡಿ. ನಿಮ್ಮ ಅಜ್ಜ ಅಜ್ಜಿಗೆ ಬಾಳ್ಯಾನ ಬಗ್ಗೆ ಬೇರೆ ಕಥೆ ಗೊತ್ತಿದ್ದರೆ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ.