ಅಜ್ಜಿ ಕೈ ನೋಡಿ ಹೇಳಿದ ಬ್ಯಾಂಡು

ಎರಡು ವರ್ಷದ ಹಿಂದೆ, ರಾತ್ರಿ ರಿಲೀಸ್ ಮುಗಿಯಲೆಂದು ಕಾಯುತ್ತಿದ್ದಾಗ ಸಹೋದ್ಯೋಗಿಯೊಬ್ಬ ಒಂದು ಹಾಡು ಕಳಿಸಿ, "ಇದಕ್ಕಿಂತ ಕೆಟ್ಟ ಬ್ಯಾಂಡ್ ಕೇಳಿದ್ದೀಯಾ?" ಎಂದ. ಗಿಟಾರ್ ಒಂದು ದಾರಿ, ಡ್ರಮ್ ಇನ್ನೊಂದು ದಾರಿ. ಭಜನೆಯಲ್ಲಿ ತಾಳ ತಪ್ಪಿದವರನ್ನು ನಮ್ಮಜ್ಜಿ ನೋಡುತ್ತಿದ್ದ ನೋಟ ನೆನಪಾಗಿ ನಕ್ಕೆ. ಆಮೇಲೆ ಆ ಬ್ಯಾಂಡಿನ ಕಥೆ ಓದಿದೆ.

1964ರಲ್ಲಿ ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಹಾಡಿದ ಮೇಲೆ ಅಲ್ಲಿ ಊರೂರಿನ ಹುಡುಗರು ಮನೆಯ ಕಾರ್ ಶೆಡ್ಡಿನಲ್ಲೇ ಗಿಟಾರ್ ಹಿಡಿದು ಕೂತರು. ಗ್ಯಾರೇಜ್ ರಾಕ್ ಎಂಬ ಹೆಸರು ಬಂದದ್ದು ಅದರಿಂದ. ಹೆಚ್ಚಿನವು ಹುಡುಗರ ತಂಡಗಳು, ತಮ್ಮ ಖುಷಿಗೆ ತಾವೇ ಕಟ್ಟಿಕೊಂಡವು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರೀಮಾಂಟ್ ಎಂಬ ಪುಟ್ಟ ಊರಿನ ‘ದ ಶ್ಯಾಗ್ಸ್’ ಹಾಗಿರಲಿಲ್ಲ.

ಅಲ್ಲಿನ ಗಿರಣಿ ಕೆಲಸಗಾರ ಆಸ್ಟಿನ್ ವಿಗಿನ್‌ಗೆ ಅವರ ತಾಯಿ ಕೈ ನೋಡಿ ಮೂರು ಮಾತು ಹೇಳಿದ್ದರಂತೆ: ಕೆಂಚು ಕೂದಲಿನವಳನ್ನು ಮದುವೆಯಾಗುತ್ತೀ, ನಾನು ಸತ್ತ ಮೇಲೆ ನಿನಗೆ ಇಬ್ಬರು ಗಂಡುಮಕ್ಕಳು, ನಿನ್ನ ಹೆಣ್ಣುಮಕ್ಕಳು ಬ್ಯಾಂಡ್ ಕಟ್ಟುತ್ತಾರೆ. ಮೊದಲೆರಡು ನಿಜವಾದವು. ಮೂರನೆಯದನ್ನು ನಿಜ ಮಾಡಲು ಅಪ್ಪನೇ ನಿಂತ. (ಜಾತಕ ಹಿಡಿದು ಓಡಾಡುವ ನಮ್ಮವರಿಗೆ ಇದೇನೂ ವಿಚಿತ್ರವಲ್ಲ.) ಮಕ್ಕಳನ್ನು ಶಾಲೆ ಬಿಡಿಸಿ, ಅಂಚೆ ಶಿಕ್ಷಣಕ್ಕೆ ಹಾಕಿ, ವಾದ್ಯ ಕೊಡಿಸಿದ. ಹೆಲೆನ್‌ಗೆ ಡ್ರಮ್, ಡಾಟ್ ಮತ್ತು ಬೆಟ್ಟಿಗೆ ಗಿಟಾರ್. ಹಗಲೂ ಅಭ್ಯಾಸ, ರಾತ್ರಿಯೂ ಅಭ್ಯಾಸ, ನಡುವೆ ಕಸರತ್ತು. ಶನಿವಾರ ಸಂಜೆ ಊರಿನ ಟೌನ್ ಹಾಲ್‌ನಲ್ಲಿ ಕಾರ್ಯಕ್ರಮ. ಊರ ಹುಡುಗರು ಗೇಲಿ ಮಾಡುತ್ತಿದ್ದರು.

1969ರ ಮಾರ್ಚ್‌ನಲ್ಲಿ ಮಸಾಚುಸೆಟ್ಸ್‌ನ ರೆವಿಯರ್‌ನ ಸ್ಟುಡಿಯೋಕ್ಕೆ ಕರೆದೊಯ್ದ. ಮಕ್ಕಳು ಇನ್ನೂ ಪಳಗಿಲ್ಲ ಎಂದರೂ ಕೇಳಲಿಲ್ಲ. ‘ಫಿಲಾಸಫಿ ಆಫ್ ದ ವರ್ಲ್ಡ್’ ಆಲ್ಬಂ ಹೊರಬಂತು. ಸಾವಿರ ಪ್ರತಿಗಳಲ್ಲಿ 900 ಕೈಗೆ ಸಿಗಲೇ ಇಲ್ಲ ಎನ್ನುತ್ತಾರೆ.

ಹಾಡುಗಳನ್ನು ಬರೆದವಳು ಡಾಟ್. ಒಂದು ಹಾಡು ಕಳೆದುಹೋದ ಬೆಕ್ಕಿನ ಮೇಲೆ. ಇನ್ನೊಂದು, ‘ಹೂ ಆರ್ ಪೇರೆಂಟ್ಸ್?’, ತಂದೆತಾಯಿಯನ್ನು ಹೊಗಳುವ ಹಾಡು. ಅದನ್ನು ಹತ್ತಾರು ಸಲ ಕೇಳಿದ್ದೇನೆ. ಮನಸಾರೆ ಬರೆದಳೋ, ಅಪ್ಪನ ಕಿವಿಗೆಂದು ಬರೆದಳೋ, ತಿಳಿಯುವುದಿಲ್ಲ. ನಾನು ಎಂಟೆಕ್ ಮಾಡಬೇಕೆಂದು ನಿರ್ಧರಿಸಿದ್ದು ನಮ್ಮಪ್ಪ. ಥೀಸಿಸ್ಸಿನ ಮೊದಲ ಪುಟದಲ್ಲಿ ಅವರಿಗೇ ಕೃತಜ್ಞತೆ ಬರೆದೆ. ಸುಳ್ಳು ಬರೆಯಲಿಲ್ಲ, ಆದರೆ ಹೇಳದೆ ಬಿಟ್ಟದ್ದೂ ಇತ್ತು. ಹೆಲೆನ್ ಗುಟ್ಟಾಗಿ ಮದುವೆಯಾಗಿ, ಹೇಳಲು ಹೆದರಿ ತಿಂಗಳುಗಟ್ಟಲೆ ತವರಲ್ಲೇ ಇದ್ದಳು ಎಂದು ಓದಿದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

1975ರಲ್ಲಿ ಆಸ್ಟಿನ್ ಹೃದಯಾಘಾತದಿಂದ ತೀರಿಕೊಂಡ. ಬ್ಯಾಂಡ್ ಅಲ್ಲಿಗೇ ನಿಂತಿತು. ಮಕ್ಕಳು ಸಂಸಾರ, ಕೆಲಸ ಎಂದು ತಮ್ಮ ಪಾಡಿಗೆ ತಾವು ಹೋದರು.

ಕೀರ್ತಿ ಬಂದದ್ದು ಆಮೇಲೆ. ಎನ್‌ಆರ್‌ಬಿಕ್ಯು ತಂಡದವರ ಒತ್ತಾಸೆಯಿಂದ 1980ರಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾಯಿತು. ನಿರ್ವಾಣ ತಂಡದ ಕರ್ಟ್ ಕೊಬೇನ್ ತನ್ನ ಮೆಚ್ಚಿನ ಆಲ್ಬಂಗಳ ಕೈಬರಹದ ಪಟ್ಟಿಯಲ್ಲಿ ಇದನ್ನು ಸೇರಿಸಿದ. ನ್ಯೂಯಾರ್ಕ್‌ನಲ್ಲಿ ಇವರ ಬದುಕು ಸಂಗೀತ ನಾಟಕವಾಯಿತು. ಹೆಲೆನ್ 2006ರಲ್ಲೇ ತೀರಿಕೊಂಡಿದ್ದಳು.

2017ರಲ್ಲಿ ಮಸಾಚುಸೆಟ್ಸ್‌ನ ನಾರ್ತ್ ಆಡಮ್ಸ್‌ನ ಸಾಲಿಡ್ ಸೌಂಡ್ ಉತ್ಸವದಲ್ಲಿ ಡಾಟ್, ಬೆಟ್ಟಿ ಮತ್ತೆ ಹಾಡಿದರು. ಹಿಂದೆ ನುಡಿಸಿದವರು ಪಳಗಿದ ಕಲಾವಿದರು. ಐವತ್ತು ವರ್ಷದ ಹಿಂದೆ ಊರು ನಕ್ಕಿದ್ದ ಆ ತಪ್ಪು ತಾಳವನ್ನೇ ಅವರು ಅಭ್ಯಾಸ ಮಾಡಿ ಬಂದಿದ್ದರು.