ಪೀಪ್ಸನ ಮೊದಲ ವಿಗ್ಗು



ಚೌರಿ ಎಂದರೇನೆಂದು ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. ಅದನ್ನೇ ತಮಿಳಿನಲ್ಲಿ ಸವುರಿ, ತೆಲುಗಿನಲ್ಲಿ ಸವರಂ, ಮರಾಠಿಯಲ್ಲಿ ಗಂಗಾವನ, ಮಲಯಾಳಂನಲ್ಲಿ ತಿರುಪ್ಪನ್ ಎನ್ನುವುದನ್ನು ನೀವೇ ಕೇಳಿದ್ದೀರಿ. ಮದುವೆಗೋ ಹಬ್ಬಕ್ಕೋ ಅದನ್ನು ಸೇರಿಸಿ ಜಡೆ ಹೆಣೆದುಕೊಂಡರೆ ಯಾರೂ ನಗುವುದಿಲ್ಲ. ಆದರೆ ಇಡೀ ತಲೆಗೆ ಹಾಕುವ ವಿಗ್ಗು ಎಂದ ಕೂಡಲೇ ಅದು ನಾಟಕದವರದು, ಸಿನಿಮಾದವರದು ಎಂದುಬಿಡುತ್ತೇವೆ. ಹೀಗಾಗಿ ಕ್ಯಾನ್ಸರಿನ ಔಷಧಿಯಿಂದ ಕೂದಲು ಉದುರಿದ ಎಷ್ಟೋ ತಾಯಂದಿರು ಸೆರಗು ಹೊದ್ದು ಮನೆಯೊಳಗೇ ಉಳಿಯುತ್ತಾರೆ. ಅಂಥ ಒಬ್ಬರು ನಿಮ್ಮ ಬೀದಿಯಲ್ಲೂ ಇರಬಹುದು. ಅವರನ್ನು ನೆನೆದು, ಮುನ್ನೂರ ಅರುವತ್ತು ವರ್ಷಗಳ ಹಿಂದೆ ಮೊದಲ ಸಲ ವಿಗ್ಗು ಹಾಕಿಕೊಂಡ ಒಬ್ಬ ಗಂಡಸಿನ ಅಳುಕನ್ನು ಈ ದಿನ ನಿಮಗೆ ಹೇಳುತ್ತೇನೆ.

ಆತನ ಹೆಸರು ಸ್ಯಾಮ್ಯುಯೆಲ್ ಪೀಪ್ಸ್. ಲಂಡನ್ನಿನ ಒಬ್ಬ ದರ್ಜಿಯ ಮಗ. ಓದಿ, ನೌಕಾಪಡೆಯ ಕಚೇರಿಯಲ್ಲಿ ಅಧಿಕಾರಿಯಾದವನು. 1660ರಿಂದ 1669ರವರೆಗೆ ದಿನವೂ ದಿನಚರಿ ಬರೆದ. ಅದೂ ಶೀಘ್ರಲಿಪಿಯಲ್ಲಿ. ಆ ಹೊತ್ತಿಗೆ ಫ್ರಾನ್ಸಿನ ಅರಮನೆಯಿಂದ ವಿಗ್ಗಿನ ಷೋಕಿ ಇಂಗ್ಲೆಂಡಿಗೂ ಬಂದಿತ್ತು. ಆದರೆ ಪೀಪ್ಸನಿಗೆ ಷೋಕಿಗಿಂತ ಇನ್ನೊಂದು ಕಾರಣವಿತ್ತು. ಉದ್ದ ಕೂದಲನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದೇ ಅವನಿಗೆ ದೊಡ್ಡ ಕಷ್ಟವಾಗಿತ್ತು.

ಹಾಗೆಂದು ಒಂದೇ ದಿನದಲ್ಲಿ ಅವನು ಮನಸ್ಸು ಮಾಡಲಿಲ್ಲ. 1663ರ ಮೇ ತಿಂಗಳಲ್ಲಿ ಕ್ಷೌರಿಕನ ಅಂಗಡಿಯಲ್ಲಿ ಎರಡು ಮೂರು ವಿಗ್ಗು ಹಾಕಿ ನೋಡಿದ. ಇದನ್ನು ಹಾಕಿಕೊಂಡರೂ ತೊಂದರೆಯೇ ಅನ್ನಿಸಿ ಹಿಂದೆ ಸರಿದ. ಆಗಸ್ಟಿನಲ್ಲಿ ಒಂದನ್ನು ಮನೆಗೆ ತರಿಸಿ ನೋಡಿ, ಹಿಂದಿರುಗಿಸಿದ. ಕೊನೆಗೆ ನವೆಂಬರ್ 3ರಂದು ವಿಗ್ಗು ಕಟ್ಟುವವನು ಮನೆಗೇ ಬಂದ. ಪೀಪ್ಸ್ 3 ಪೌಂಡು ಕೊಟ್ಟು ವಿಗ್ಗು ಕೊಂಡ. ಅದಕ್ಕೆ ಮೊದಲು ಅವನ ಸ್ವಂತ ಕೂದಲನ್ನು ಕತ್ತರಿಸಬೇಕಾಗಿತ್ತು. ಆ ಗಳಿಗೆಯಲ್ಲಿ ಮನಸ್ಸಿಗೆ ಚುರುಕ್ಕೆಂದಿತೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮನೆಯ ಕೆಲಸದ ಹುಡುಗಿಯರು ನೋಡಿ, ಚೆನ್ನಾಗಿ ಒಪ್ಪುತ್ತದೆ ಎಂದರಂತೆ. ಆದರೂ ಒಡೆಯನ ಕೂದಲು ಹೋಯಿತಲ್ಲಾ ಎಂದು ಇಬ್ಬರು ನೊಂದುಕೊಂಡರಂತೆ. ಆ ಕೂದಲಿನಿಂದಲೇ ವಿಗ್ಗಿನವನು ಎರಡನೆಯದೊಂದನ್ನು ಕಟ್ಟಿ ತಂದ. ಇವು ಎರಡು ವರ್ಷ ಬಾಳುತ್ತವೆ ಎಂದು ಅವನು ಹೇಳಿದ್ದನ್ನು ಪೀಪ್ಸ್ ಪೂರ್ತಿ ನಂಬಲಿಲ್ಲ.

ಮಾರನೆಯ ದಿನ ಕಚೇರಿ. ಎಲ್ಲರೂ ಏನನ್ನುವರೋ ಎಂಬ ಅಂಜಿಕೆ. ಮೇಲಧಿಕಾರಿಗಳು ಅದನ್ನು ದೊಡ್ಡದು ಮಾಡಲೇ ಇಲ್ಲ. 8ನೇ ತಾರೀಖು ಭಾನುವಾರ, ಅದೇ ವಿಗ್ಗಿನಲ್ಲಿ ಚರ್ಚಿಗೆ ಹೋದ. ಒಳಗೆ ಕಾಲಿಟ್ಟೊಡನೆ ಇಡೀ ಸಭೆ ತನ್ನ ಕಡೆಗೇ ತಿರುಗೀತು ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ತಾನು ಹೆದರಿದಷ್ಟು ವಿಚಿತ್ರವಾಗಿ ಅದು ಯಾರಿಗೂ ಕಾಣಲಿಲ್ಲವೆಂದು ಅಂದು ಬರೆದುಕೊಂಡ.

ಇನ್ನು ಜೋಪಾನದ ಮಾತು. 1664ರ ಜುಲೈಯಲ್ಲಿ ಹೊಸದಾಗಿ ಕೊಂಡ ವಿಗ್ಗಿನಲ್ಲಿ ಸೀರು ಕಂಡು, ಇಂಥದ್ದನ್ನು ಕೊಟ್ಟನಲ್ಲಾ ಎಂದು ಸಿಟ್ಟಾಗಿ, ಚೊಕ್ಕಟ ಮಾಡಿಸಲು ಕ್ಷೌರಿಕನಲ್ಲಿಗೇ ಒಯ್ದ. 1665ರಲ್ಲಿ ಲಂಡನ್ನಿಗೆ ಮಹಾಮಾರಿ ಪ್ಲೇಗು ಬಂತು. ರೋಗವಿದ್ದ ಪ್ರದೇಶದಲ್ಲಿ ಕೊಂಡಿದ್ದ ಒಂದು ವಿಗ್ಗನ್ನು ಬಹಳ ದಿನ ಮುಟ್ಟಲು ಹೆದರಿದ. ಸತ್ತವರ ತಲೆಯಿಂದ ಕತ್ತರಿಸಿದ ಕೂದಲಿದ್ದೀತೆಂದು ಇನ್ನು ಮುಂದೆ ಯಾರೂ ಕೊಳ್ಳಲಾರರು ಎಂದೂ ಯೋಚಿಸಿದ. ಆದರೆ ಪ್ಲೇಗು ಹೋಯಿತು, ವಿಗ್ಗು ಉಳಿಯಿತು. 1795ರಲ್ಲಿ ಕೂದಲಿಗೆ ಹಚ್ಚುವ ಪುಡಿಗೆ ಸರ್ಕಾರ ವರ್ಷಕ್ಕೆ ಒಂದು ಗಿನ್ನಿ ತೆರಿಗೆ ಹಾಕಿತು. ಮೊದಲೇ ಇಳಿಮುಖವಾಗಿದ್ದ ಆ ಷೋಕಿ ಆಮೇಲೆ ಬೇಗ ಕರಗಿತು. ನ್ಯಾಯಾಲಯದಂಥ ಕೆಲವೇ ಕಡೆ ನಿಂತಿತು.

ಇದು ಲಂಡನ್ನಿನ ಕಥೆಯಾಯಿತು. ಇಂದು ಲೋಕದ ವಿಗ್ಗುಗಳಿಗೆ ಕೂದಲು ಹೋಗುವುದು ಹೆಚ್ಚಾಗಿ ನಮ್ಮ ದೇಶದಿಂದಲೇ. ತಿರುಮಲೆಯಲ್ಲಿ ಭಕ್ತರು ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಬಾಚಣಿಗೆಯಲ್ಲಿ ಉಳಿದ ಸಿಕ್ಕುಗೂದಲನ್ನು ಬೀದಿಯಲ್ಲಿ ಕೂಗಿ ಕೊಳ್ಳುವವರನ್ನು ನೀವು ನೋಡಿದ್ದೀರಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಂಥ ಕೂದಲನ್ನು ಬಿಡಿಸಿ, ಅಳತೆಯಂತೆ ಬೇರ್ಪಡಿಸುವುದೇ ಅನೇಕ ಮನೆಗಳಿಗೆ ಅನ್ನ. ಹೊರದೇಶಕ್ಕೆ ಹಸಿ ಕೂದಲು ಕಳಿಸಲು 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತು. ಹೀಗಿರುವಾಗ, ನಮ್ಮವರ ತಲೆಯ ಕೂದಲು ನಮ್ಮವರ ತಲೆಗೇ ಬಂದರೆ ಅದರಲ್ಲಿ ನಾಚುವುದೇನಿದೆ?

ಬೇಕಾದವರು ಈ ಕೆಲವು ಮಾತು ಗುರುತು ಹಾಕಿಕೊಳ್ಳಿ. ಚಿಕಿತ್ಸೆಗೆ ಮೊದಲೇ, ನಿಮ್ಮ ಕೂದಲಿರುವಾಗಲೇ ಬಣ್ಣ ಹೋಲಿಸಿ ಆರಿಸಿ. ಒಳಗೆ ತೆಳುವಾದ ಹತ್ತಿಯ ಟೋಪಿ ಹಾಕಿದರೆ ತುರಿಕೆ ಕಡಿಮೆ. ದಿನಾ ತೊಳೆಯಬೇಡಿ, ತೊಳೆದಾಗ ತಣ್ಣೀರು, ಸೌಮ್ಯವಾದ ಶಾಂಪೂ ಸಾಕು. ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ. ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಕೃತಕ ನೂಲಿನ ವಿಗ್ಗು ಬಿಸಿಗೆ ಕರಗುತ್ತದೆ. ಅದನ್ನು ಹಾಕಿಕೊಂಡು ಒಲೆಯ ಮುಂದೆ ಬಾಗಬೇಡಿ. ರಾತ್ರಿ ತೆಗೆದಿಟ್ಟು ಮಲಗಿ. ವಿಗ್ಗು ಬೇಡವೆನಿಸಿದರೆ ಬರಿಯ ವಸ್ತ್ರ ಕಟ್ಟಿದರೂ ಸರಿಯೇ. ಅದು ನಿಮ್ಮ ಇಷ್ಟ.

ಪೀಪ್ಸ್ ತಾನಾಗಿ ಕೂದಲು ಕೊಟ್ಟವನು. ರೋಗಿಗೆ ಆ ಆಯ್ಕೆ ಇರುವುದಿಲ್ಲ. ಅದರಿಂದ ಉಳಿದವರಲ್ಲಿ ಒಂದು ಬಿನ್ನಹ. ಮುಂದಿನ ಜಾತ್ರೆಗೆ ನಿಮ್ಮೂರಿನ ಯಾವ ತಾಯಿಯಾದರೂ ಹೊಸ ಕೂದಲಲ್ಲಿ ಬಂದರೆ, ತಲೆಯ ಮಾತೆತ್ತಬೇಡಿ. ಊಟವಾಯಿತೇ, ಮಕ್ಕಳು ಹೇಗಿದ್ದಾರೆ ಎಂದು ಕೇಳಿ. 1663ರ ಆ ಭಾನುವಾರ ಚರ್ಚಿನಲ್ಲಿದ್ದವರು ಪೀಪ್ಸನಿಗೆ ಮಾಡಿದ ಉಪಕಾರವೂ ಇಷ್ಟೇ. ಅವನನ್ನು ಎಂದಿನಂತೆ ಕೂರಲು ಬಿಟ್ಟರು.