ತಿಳಿದವರ ಆತಂಕ: ಥ್ರಿಲ್ಲರ್ ಚಿತ್ರಗಳು ಬೆಳೆದ ಬಗೆ

ಪತ್ತೇದಾರಿ ಮತ್ತು ರೋಮಾಂಚಕ ಚಲನಚಿತ್ರಗಳು ಹೊತ್ತು ಕಳೆಯುವ ಸಾಧನಗಳೆಂದು ಭಾವಿಸಿ ಸಾಹಿತ್ಯಾಸಕ್ತರು ಬಹುಕಾಲ ಅವುಗಳನ್ನು ದೂರವೇ ಇಟ್ಟರು. ಆದರೆ ಕಥೆ ಹೇಳುವ ಕಲೆಯ ದೃಷ್ಟಿಯಿಂದ ನೋಡಿದರೆ, ಇಂದು ಥ್ರಿಲ್ಲರ್ ಎಂದು ಕರೆಯಲಾಗುವ ಈ ಪ್ರಕಾರಕ್ಕೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ, ತನ್ನದೇ ಆದ ಕಟ್ಟುಪಾಡುಗಳಿವೆ. ಆ ಕಟ್ಟುಪಾಡುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ಬೆಳೆದಿವೆ: ಕಥೆಯಲ್ಲಿ ಯಾವ ಸಂಗತಿಯನ್ನು ಯಾರಿಗೆ, ಯಾವಾಗ ತಿಳಿಸಬೇಕು?

ಈ ಪ್ರಶ್ನೆ ನಮಗೆ ಹೊಸದೇನಲ್ಲ. ಅಭಿಮನ್ಯು ಕಾಳಗದ ಆಟಕ್ಕೆ ಕುಳಿತ ಹಳ್ಳಿಯ ಪ್ರೇಕ್ಷಕರಲ್ಲಿ ಮುಂದೇನಾಗುವುದೆಂದು ಅರಿಯದವರು ವಿರಳ. ಚಕ್ರವ್ಯೂಹವನ್ನು ಹೊಗಬಲ್ಲ ಬಾಲಕ ಅದರಿಂದ ಹೊರಬರಲಾರನೆಂಬುದು ಎಲ್ಲರಿಗೂ ಗೊತ್ತು. ಆದರೂ ಅವನು ಸುಭದ್ರೆಯಿಂದ ಬೀಳ್ಕೊಳ್ಳುವಾಗ ಎದೆ ಭಾರವಾಗುತ್ತದೆ. ತಿಳಿಯದಿರುವುದರಿಂದ ಹುಟ್ಟುವುದು ಕುತೂಹಲ. ತಿಳಿದೂ ತಡೆಯಲಾರದಿರುವುದರಿಂದ ಹುಟ್ಟುವುದು ಆತಂಕ. ಥ್ರಿಲ್ಲರ್ ಚಿತ್ರ ಎರಡನ್ನೂ ಬಳಸಿಕೊಳ್ಳುತ್ತದೆ. ಅದರ ಶ್ರೇಷ್ಠ ಕೃತಿಗಳು ಮಾತ್ರ ಎರಡನೆಯದನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ.

ಮೂಕಿಚಿತ್ರಗಳ ಕಾಲದಲ್ಲಿಯೇ ಇದಕ್ಕೆ ಅಡಿಪಾಯ ಬಿತ್ತು. ೧೯೦೯ರಲ್ಲಿ ಅಮೆರಿಕದ ಡಿ. ಡಬ್ಲ್ಯೂ. ಗ್ರಿಫಿತ್ 'ದಿ ಲೋನ್ಲಿ ವಿಲ್ಲಾ' ಎಂಬ ಕಿರುಚಿತ್ರದಲ್ಲಿ, ಒಂಟಿ ಮನೆಗೆ ನುಗ್ಗುತ್ತಿರುವ ಕಳ್ಳರನ್ನೂ ಸುದ್ದಿ ತಿಳಿದು ಧಾವಿಸುತ್ತಿರುವ ಯಜಮಾನನನ್ನೂ ಒಂದಾದ ಮೇಲೊಂದರಂತೆ ತೋರಿಸಿದನು. ಎರಡು ಸ್ಥಳಗಳ ಘಟನೆಗಳನ್ನು ಹೀಗೆ ಹೆಣೆದಾಗ, ಕಥೆಯೊಳಗಿನ ಯಾರಿಗೂ ಕಾಣದ ಒಟ್ಟು ಚಿತ್ರ ಪ್ರೇಕ್ಷಕನೊಬ್ಬನಿಗೇ ಕಾಣುತ್ತದೆ. ೧೯೧೩ರಲ್ಲಿ ಲೋಯಿಸ್ ವೆಬರ್ ಎಂಬ ಮಹಿಳೆ ತಮ್ಮ ಪತಿಯೊಡನೆ ನಿರ್ದೇಶಿಸಿದ 'ಸಸ್ಪೆನ್ಸ್' ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಪರದೆಯನ್ನೇ ತ್ರಿಕೋನಾಕಾರದ ಭಾಗಗಳಾಗಿ ಸೀಳಿ, ಒಳಬರುತ್ತಿರುವ ದುರುಳ, ದೂರವಾಣಿಯಲ್ಲಿ ಮಾತನಾಡುತ್ತಿರುವ ಹೆಂಡತಿ, ಕಚೇರಿಯಲ್ಲಿರುವ ಗಂಡ, ಈ ಮೂವರನ್ನೂ ಒಟ್ಟಿಗೆ ತೋರಿಸಲಾಯಿತು. ಮನೆಗೆಲಸದವಳು ಕಾಲೊರಸಿನ ಕೆಳಗೆ ಇಟ್ಟುಹೋದ ಬೀಗದ ಕೈಯನ್ನು ನಾವು ಮೊದಲೇ ನೋಡಿರುತ್ತೇವೆ. ಮನೆಯೊಡತಿಗೆ ಅದರ ಅರಿವಿಲ್ಲ.

ಮಾತು ಬಂದ ಮೇಲೆ ಈ ಕಲೆಗೆ ಶಬ್ದವೆಂಬ ಹೊಸ ಉಪಕರಣ ದೊರೆಯಿತು. ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ೧೯೩೧ರಲ್ಲಿ ತೆರೆಗೆ ತಂದ 'ಎಂ' ಅವನ ಮೊದಲ ವಾಕ್ಚಿತ್ರ. ಮಕ್ಕಳ ಕೊಲೆಗಾರನೊಬ್ಬನನ್ನು ನಗರವೇ ಬೇಟೆಯಾಡುವ ಕಥೆ ಅದು. ಕೊಲೆಯನ್ನು ಲಾಂಗ್ ತೋರಿಸುವುದೇ ಇಲ್ಲ. ಊಟದ ಮೇಜಿನ ಮೇಲೆ ಖಾಲಿ ತಟ್ಟೆ, ಮೆಟ್ಟಿಲುಗಳಲ್ಲಿ ಮಗಳನ್ನು ಕೂಗುವ ತಾಯಿಯ ದನಿ, ಉರುಳಿ ಬಂದು ನಿಲ್ಲುವ ಚೆಂಡು, ತಂತಿಗಳಿಗೆ ಸಿಕ್ಕಿಕೊಂಡ ಬಲೂನು: ಇಷ್ಟೇ. ಕೊಲೆಗಾರ ಸಿಳ್ಳೆಯಲ್ಲಿ ನುಡಿಸುವ ಗ್ರೀಗ್‌ನ ಒಂದು ರಾಗವೇ ಅವನ ಗುರುತು; ಆ ಗುರುತನ್ನು ಹಿಡಿಯುವವನು ಬಲೂನು ಮಾರುವ ಒಬ್ಬ ಕುರುಡ. ಕೊನೆಯಲ್ಲಿ ನಗರದ ಕಳ್ಳಕಾಕರೇ ನ್ಯಾಯಸ್ಥಾನದಲ್ಲಿ ಕುಳಿತು ಅವನನ್ನು ವಿಚಾರಿಸುತ್ತಾರೆ. ಬೇಟೆಯಾಡುವವರ ಪಕ್ಷದಲ್ಲಿದ್ದ ನಾವು, ಮೂಲೆಗೆ ಸಿಕ್ಕವನ ಆರ್ತನಾದವನ್ನು ಕೇಳಿ ಗಲಿಬಿಲಿಗೊಳ್ಳುತ್ತೇವೆ. ನಾತ್ಸಿಗಳು ಅಧಿಕಾರಕ್ಕೆ ಬಂದ ೧೯೩೩ರಲ್ಲಿ ಲಾಂಗ್ ಜರ್ಮನಿಯನ್ನು ತೊರೆದನು. ಉದ್ರಿಕ್ತ ಗುಂಪು ನ್ಯಾಯ ವಿಧಿಸಲು ಕುಳಿತರೆ ಏನಾಗಬಹುದೆಂಬ ಭಯವನ್ನು ಅವನ ಚಿತ್ರ ಅದಕ್ಕೂ ಮೊದಲೇ ತೋರಿಸಿತ್ತು.

ಈ ಪ್ರಕಾರದ ಕಟ್ಟುಪಾಡುಗಳನ್ನು ಶಾಸ್ತ್ರದಂತೆ ರೂಢಿಸಿಕೊಂಡವನು ಇಂಗ್ಲೆಂಡಿನ ಆಲ್ಫ್ರೆಡ್ ಹಿಚ್‌ಕಾಕ್. ಜಾನ್ ಬುಕನ್‌ನ ಕಾದಂಬರಿಯನ್ನು ಆಧರಿಸಿದ ೧೯೩೫ರ 'ದಿ ಥರ್ಟಿ ನೈನ್ ಸ್ಟೆಪ್ಸ್' ಚಿತ್ರದಲ್ಲಿ, ಮಾಡದ ಕೊಲೆಯ ಆರೋಪ ಹೊತ್ತ ಸಾಮಾನ್ಯ ಮನುಷ್ಯನ ಬೆನ್ನನ್ನು ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಗೂಢಚಾರರು ಹತ್ತುತ್ತಾರೆ. ಅಲ್ಲಿ ಹೆಣವನ್ನು ಕಂಡ ಹೆಂಗಸು ಬಾಯಿ ತೆರೆದಾಗ ನಮಗೆ ಕೇಳುವುದು ಅವನು ತಪ್ಪಿಸಿಕೊಂಡು ಹೋಗುತ್ತಿರುವ ರೈಲಿನ ಕೂಗು. ಎರಡು ದೃಶ್ಯಗಳನ್ನು ಒಂದೇ ಶಬ್ದದಿಂದ ಬೆಸೆಯುವ ಈ ಉಪಾಯವನ್ನು ಮುಂದೆ ಅನೇಕರು ಅನುಸರಿಸಿದರು.

ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸುದೀರ್ಘ ಸಂವಾದದಲ್ಲಿ ಹಿಚ್‌ಕಾಕ್ ತನ್ನ ಸೂತ್ರವನ್ನು ಒಂದು ಉದಾಹರಣೆಯಿಂದ ವಿವರಿಸಿದ್ದಾನೆ. ಮೇಜಿನ ಕೆಳಗಿರುವ ಬಾಂಬು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು ಕೆಲವು ಕ್ಷಣಗಳ ಬೆಚ್ಚು ಮಾತ್ರ. ಅದೇ ಬಾಂಬನ್ನು ಮೊದಲೇ ತೋರಿಸಿ, ಗಡಿಯಾರವನ್ನೂ ತೋರಿಸಿದರೆ, ಮೇಜಿನ ಬಳಿ ನಡೆಯುವ ನೀರಸ ಮಾತುಕತೆಯೂ ಉಸಿರು ಬಿಗಿಹಿಡಿಸುತ್ತದೆ. ಆದರೆ ಇದೇ ಸೂತ್ರ ಅವನ ಕೈಯನ್ನೇ ಸುಟ್ಟದ್ದೂ ಉಂಟು. ೧೯೩೬ರ 'ಸಬೋಟಾಜ್' ಚಿತ್ರದಲ್ಲಿ ಅರಿಯದ ಬಾಲಕನೊಬ್ಬ ಬಾಂಬಿನ ಪೊಟ್ಟಣವನ್ನು ಹೊತ್ತು ಲಂಡನ್ನಿನ ಬೀದಿಗಳಲ್ಲಿ ಸಾಗುತ್ತಾನೆ. ಮೆರವಣಿಗೆ ಅವನನ್ನು ತಡೆಯುತ್ತದೆ. ಗಡಿಯಾರ ಮುಂದೆ ಓಡುತ್ತದೆ. ಕೊನೆಗೆ ಬಸ್ಸಿನಲ್ಲಿ ಬಾಂಬು ಸಿಡಿದೇಬಿಡುತ್ತದೆ. ಪ್ರೇಕ್ಷಕರು ಸಿಟ್ಟಾದರು. ಅಷ್ಟು ಮಮತೆ ಹುಟ್ಟಿಸಿದ ಮಗುವನ್ನು ಕೊಂದದ್ದು ತಪ್ಪೆಂದು ಹಿಚ್‌ಕಾಕ್ ಮುಂದೆ ಒಪ್ಪಿಕೊಂಡನು. ನಂಬಿ ಕುಳಿತವರಿಗೂ ಕಥೆ ಹೇಳುವವನಿಗೂ ನಡುವೆ ಒಂದು ಒಪ್ಪಂದವಿರುತ್ತದೆ; ಅದನ್ನು ಎಷ್ಟರಮಟ್ಟಿಗೆ ಮುರಿಯಬಹುದು ಎಂಬುದು ಈ ಪ್ರಕಾರವನ್ನು ಇಂದಿಗೂ ಕಾಡುವ ಪ್ರಶ್ನೆ. ೧೯೬೦ರ 'ಸೈಕೋ' ಚಿತ್ರದಲ್ಲಿ ನಾಯಕಿಯೆಂದು ಭಾವಿಸಿದವಳನ್ನೇ ಕಥೆಯ ನಡುವೆ ಕೊಲ್ಲಿಸಿ ಅವನು ಆ ಒಪ್ಪಂದವನ್ನು ಮತ್ತೊಮ್ಮೆ ಪರೀಕ್ಷಿಸಿದನು. ಅಲ್ಲಿ ಬರ್ನಾರ್ಡ್ ಹೆರ್‌ಮನ್‌ನ ತಂತಿವಾದ್ಯಗಳು ಚೀರುತ್ತವೆ.

ಇತ್ತ ಭಾರತದಲ್ಲಿ ಸಮಸ್ಯೆ ಬೇರೆಯೇ ಆಗಿತ್ತು. 'ಎಂ' ತೆರೆಕಂಡ ೧೯೩೧ರಲ್ಲಿಯೇ ನಮ್ಮ ಮೊದಲ ವಾಕ್ಚಿತ್ರ 'ಆಲಂ ಆರಾ' ಏಳು ಹಾಡುಗಳೊಡನೆ ಬಂದಿತು. ನಾಟಕ ಕಂಪನಿಗಳಿಂದ ಬಂದ ಸಂಗೀತದ ಈ ಸಂಪತ್ತು ನಮ್ಮ ಚಿತ್ರಗಳ ಹೆಮ್ಮೆಯೇ ಸರಿ. ಆದರೆ ಹಾಡು ಕಾಲವನ್ನು ನಿಲ್ಲಿಸುತ್ತದೆ; ಆತಂಕದ ಕಥೆಗೆ ಕಾಲ ನಿಲ್ಲದೆ ಓಡಬೇಕು. ಈ ತೊಡಕನ್ನು ಧೈರ್ಯದಿಂದ ಬಿಡಿಸಿದ ಚಿತ್ರ ೧೯೫೪ರಲ್ಲಿ ವೀಣಾ ವಿದ್ವಾಂಸ ಎಸ್. ಬಾಲಚಂದರ್ ನಿರ್ದೇಶಿಸಿದ ತಮಿಳಿನ 'ಅಂದ ನಾಳ್'. ಸ್ವತಃ ಸಂಗೀತಗಾರರಾದವರು ತಮ್ಮ ಚಿತ್ರದಿಂದ ಹಾಡು ಮತ್ತು ನೃತ್ಯಗಳನ್ನು ಪೂರ್ಣವಾಗಿ ಹೊರಗಿಟ್ಟದ್ದು ಗಮನಾರ್ಹ. ಎರಡನೆಯ ಮಹಾಯುದ್ಧದ ಮದರಾಸಿನಲ್ಲಿ ರೇಡಿಯೋ ಎಂಜಿನಿಯರನೊಬ್ಬ ಗುಂಡಿಗೆ ಬಲಿಯಾಗುತ್ತಾನೆ. ಸಂಶಯಕ್ಕೊಳಗಾದ ಒಬ್ಬೊಬ್ಬರ ಮೂಲಕವೂ ಕಥೆ ಒಂದೊಂದು ರೂಪ ತಾಳುತ್ತದೆ. ಅದರಲ್ಲಿ ಅವನ ಪತ್ನಿಯಾಗಿ ಅಭಿನಯಿಸಿದವರು, ಅದೇ ವರ್ಷ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರ ಜೊತೆ ನಟಿಸಿದ ನಮ್ಮ ಪಂಡರಿಬಾಯಿ. ಕೊಲೆಗಾರರು ಯಾರೆಂದು ಇಲ್ಲಿ ಬರೆಯುವುದು ಧರ್ಮವಲ್ಲ.

ಹಿಂದಿಯಲ್ಲಿ ಬಿ. ಆರ್. ಚೋಪ್ರಾ ೧೯೬೦ರಲ್ಲಿ 'ಕಾನೂನ್' ಚಿತ್ರವನ್ನು ಹಾಡುಗಳಿಲ್ಲದೆ ನಿರ್ಮಿಸಿದರು. ಕೊಲೆಯೊಂದನ್ನು ಕಣ್ಣಾರೆ ಕಂಡ ವಕೀಲ. ಕೊಲೆ ಮಾಡಿದಂತೆ ಕಂಡವರು ತಾನು ಗೌರವಿಸುವ ನ್ಯಾಯಾಧೀಶರು. ಕಟಕಟೆಯಲ್ಲಿ ನಿಂತವನು ಬೇರೊಬ್ಬ. ಅದುವರೆಗೆ ಪ್ರೇಕ್ಷಕ ಹೊರುತ್ತಿದ್ದ 'ತಿಳಿದವನ ಸಂಕಟ'ವನ್ನು ಇಲ್ಲಿ ಕಥಾನಾಯಕನೇ ಹೊರುತ್ತಾನೆ. ಆ ಸಂಕಟದೊಡನೆ ಮರಣದಂಡನೆ ಸರಿಯೇ ಎಂಬ ಪ್ರಶ್ನೆಯನ್ನೂ ಚಿತ್ರ ಜೋಡಿಸುತ್ತದೆ.

ಕನ್ನಡದಲ್ಲಿ ಈ ಹಾದಿಯನ್ನು ದೃಢವಾಗಿ ತುಳಿದವರು ಸುನೀಲ್ ಕುಮಾರ್ ದೇಸಾಯಿ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ನಟಿಸಿದ ೧೯೮೯ರ 'ತರ್ಕ'ದಲ್ಲಿ ಹಾಡುಗಳಿಲ್ಲ. ವಿಷ್ಣುವರ್ಧನ್ ಮತ್ತು ಅನಂತನಾಗ್ ನಟಿಸಿದ ೧೯೯೩ರ 'ನಿಷ್ಕರ್ಷ'ದಲ್ಲಿಯೂ ಇಲ್ಲ. ಎರಡನೆಯದರಲ್ಲಿ ದರೋಡೆಕೋರರು ಬ್ಯಾಂಕಿಗೆ ನುಗ್ಗಿ ಜನರನ್ನು ಒತ್ತೆಯಿರಿಸಿಕೊಳ್ಳುತ್ತಾರೆ. ಸ್ಥಳ ಒಂದೇ, ಸಮಯ ಅಲ್ಪ, ಹೊರಹೋಗುವ ದಾರಿಗಳೆಲ್ಲ ಮುಚ್ಚಿವೆ: ಥ್ರಿಲ್ಲರಿನ ಹಳೆಯ ಕಟ್ಟುಪಾಡುಗಳು ಇಲ್ಲಿ ಕನ್ನಡದ ನೆಲದಲ್ಲಿ ಸಹಜವಾಗಿ ನೆಲೆಗೊಂಡವು.

ಇಂದಿನ ಚಿತ್ರಗಳಲ್ಲಿ ಕಿವಿಗಡಚಿಕ್ಕುವ ಸದ್ದು ಮತ್ತು ಕೊನೆಯ ಗಳಿಗೆಯ ತಿರುವುಗಳು ಹೆಚ್ಚಾಗಿವೆ. ಬೆಚ್ಚಿಬೀಳಿಸುವುದು ಸುಲಭ, ಆದರೆ ತಿರುವು ಒಮ್ಮೆ ತಿಳಿದ ಮೇಲೆ ಮತ್ತೆ ಬೆಚ್ಚಿಸಲಾರದು. 'ಎಂ' ಚಿತ್ರದ ಖಾಲಿ ತಟ್ಟೆ ಎಷ್ಟನೆಯ ಬಾರಿ ನೋಡಿದರೂ ಕಲಕುತ್ತದೆ, ಅಭಿಮನ್ಯುವಿನ ಬೀಳ್ಕೊಡುಗೆಯೂ ಹಾಗೆಯೇ. ಅಪಾಯದಲ್ಲಿರುವ ಪರರ ಮಗುವಿಗಾಗಿ ಕತ್ತಲೆಯ ಸಭಾಂಗಣದಲ್ಲಿ ನೂರಾರು ಅಪರಿಚಿತರು ಒಟ್ಟಿಗೆ ಮರುಗುವಂತೆ ಮಾಡುವ ಶಕ್ತಿ ಈ ಪ್ರಕಾರಕ್ಕಿದೆ. ಅದನ್ನು ಅರಿತು ಬರೆಯುವ ತರುಣ ಕಥೆಗಾರರು ನಮ್ಮ ಗಡಿನಾಡಿನಿಂದಲೂ ಮೂಡಿಬರಲಿ.